ಹಾಡಿದವರ ಹೆಸರು: ಜಾನಪದ ಸಂಶೋಧನೆಯ ಪ್ರಕಟಣೆಯಲ್ಲಿ ಕರ್ತೃತ್ವದ ಪ್ರಶ್ನೆ

ಕನ್ನಡ ಜಾನಪದ ಸಂಗ್ರಹ ಮತ್ತು ಅಧ್ಯಯನಕ್ಕೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಈ ಅವಧಿಯಲ್ಲಿ ಬಂದ ಸಂಕಲನಗಳನ್ನು, ಸಂಪಾದಿತ ಕಾವ್ಯಗಳನ್ನು, ಪಿಎಚ್.ಡಿ. ಮಹಾಪ್ರಬಂಧಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬಹುಪಾಲು ಕೃತಿಗಳಲ್ಲಿ ಒಂದೇ ಬಗೆಯ ವಿನ್ಯಾಸ ಕಾಣುತ್ತದೆ. ಶೀರ್ಷಿಕೆ ಪುಟದಲ್ಲಿ ಸಂಪಾದಕರ ಅಥವಾ ಸಂಶೋಧಕರ ಹೆಸರು. ಅರಿಕೆಯಲ್ಲಿ ಮಾರ್ಗದರ್ಶಕರಿಗೆ, ಸಂಸ್ಥೆಯ ಹಿರಿಯರಿಗೆ, ಮುದ್ರಕರಿಗೆ ಕೃತಜ್ಞತೆ. ಕಟ್ಟಕಡೆಯ ಅನುಬಂಧದಲ್ಲಿ 'ವಕ್ತೃಗಳ ವಿವರ' ಎಂಬ ಪಟ್ಟಿ. ಹೆಸರು, ವಯಸ್ಸು, ಜಾತಿ, ಊರು, ವಿದ್ಯಾಭ್ಯಾಸ ಎಂಬುವು ಆ ಪಟ್ಟಿಯ ಕಲಮುಗಳು. ವಿದ್ಯಾಭ್ಯಾಸದ ಕಲಮಿನಲ್ಲಿ 'ಇಲ್ಲ' ಎಂಬ ಪದ ಮೇಲಿನಿಂದ ಕೆಳಗಿನವರೆಗೆ ಇಳಿದಿರುತ್ತದೆ. ರಾತ್ರಿಯಿಡೀ ಹಾಡಿದರೂ ಮುಗಿಯದ ಕಾವ್ಯವನ್ನು ಎದೆಯಲ್ಲಿ ಹೊತ್ತವರಿಗೆ ವಿದ್ಯೆ ಇಲ್ಲವೆಂದು ಬರೆದುಕೊಂಡ ಕೃತಿಗೇ ವಿದ್ಯೆಯ ಪದವಿ ದೊರೆತಿರುತ್ತದೆ.

ಸಂಶೋಧನೆ ಮತ್ತು ಪ್ರಕಟಣೆಯ ಲೋಕದಲ್ಲಿ ಬಹುತ್ವ, ಸಮಪಾಲು, ಒಳಗೊಳ್ಳುವಿಕೆ ಎಂಬ ಮಾತುಗಳು ಈಗ ಎಲ್ಲೆಡೆ ಕೇಳಿಬರುತ್ತಿವೆ. ಯಾರು ಬರೆಯುತ್ತಾರೆ, ಯಾರ ಬರಹ ಉಲ್ಲೇಖಗೊಳ್ಳುತ್ತದೆ, ಸಂಪಾದಕ ಮಂಡಳಿಯಲ್ಲಿ ಯಾರು ಕುಳಿತಿದ್ದಾರೆ ಎಂಬುವು ಅಲ್ಲಿನ ಮುಖ್ಯ ಪ್ರಶ್ನೆಗಳು. ಜಾನಪದದ ಮಟ್ಟಿಗೆ ಇವುಗಳಿಗಿಂತ ಮೊದಲು ಎತ್ತಬೇಕಾದ ಪ್ರಶ್ನೆಯೊಂದಿದೆ: ಪ್ರಕಟವಾದ ಮಾತು ಮೂಲತಃ ಯಾರದು, ಆ ಮಾತಿನವರಿಗೆ ಪುಸ್ತಕದಲ್ಲಿ ಯಾವ ಸ್ಥಾನ ಸಂದಿದೆ? ಕೆಲವು ಮುಖ್ಯ ಕೃತಿಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಅನಾಮಿಕತೆ ಎಂಬ ಸಿದ್ಧಾಂತ

ಜನಪದ ಸಾಹಿತ್ಯಕ್ಕೆ ಕರ್ತೃವಿಲ್ಲ, ಅದು ಸಮುದಾಯದ ಸೃಷ್ಟಿ ಎಂಬುದು ಪಠ್ಯಪುಸ್ತಕಗಳು ಕಲಿಸುವ ಮೊದಲ ಪಾಠ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ರಾಷ್ಟ್ರೀಯತೆಯ ಸಂದರ್ಭದಲ್ಲಿ ರೂಪುಗೊಂಡ ಈ ಪರಿಕಲ್ಪನೆ ಭಾರತಕ್ಕೆ ವಸಾಹತು ಆಡಳಿತದ ಮೂಲಕ ಬಂದಿತು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಬೀಸುವ ಪದವೊಂದನ್ನು ಮೊದಲು ಕಟ್ಟಿದವರು ಯಾರೆಂದು ಹೇಳಲು ಸಾಧ್ಯವಿಲ್ಲ. ಆದರೆ ಇಲ್ಲಿ ಎರಡು ಭಿನ್ನ ಸಂಗತಿಗಳು ಒಂದಾಗಿ ಬೆರೆತಿವೆ. ಹಾಡನ್ನು ಮೊದಲು ಕಟ್ಟಿದವರು ತಿಳಿಯದಿರುವುದು ಒಂದು. ಸಂಗ್ರಾಹಕನ ಎದುರಿಗೆ ಕುಳಿತು ಅದನ್ನು ಹಾಡಿದವರು ತಿಳಿಯದಿರುವುದು ಮತ್ತೊಂದು. ಮೊದಲನೆಯದು ಪರಂಪರೆಯ ಸ್ವಭಾವ. ಎರಡನೆಯದು ಸಂಗ್ರಾಹಕನ ಆಯ್ಕೆ. ಆಯ್ಕೆಯನ್ನು ಸ್ವಭಾವವೆಂದು ತೋರಿಸಲು ಅನಾಮಿಕತೆಯ ಸಿದ್ಧಾಂತ ಬಹುಕಾಲ ಅನುಕೂಲವಾಗಿ ಒದಗಿಬಂದಿದೆ.

ಈ ಆಯ್ಕೆಯ ಹಿಂದೆ ಶ್ರೇಣೀಕರಣವೂ ಇದೆ. ಹಸ್ತಪ್ರತಿಶಾಸ್ತ್ರದಲ್ಲಿ ಪ್ರತಿಕಾರನ ಹೆಸರನ್ನು, ಅವನು ಬರೆದು ಮುಗಿಸಿದ ತಿಥಿಯನ್ನು ವಿದ್ವಾಂಸರು ಎಚ್ಚರದಿಂದ ದಾಖಲಿಸುತ್ತಾರೆ. ಓಲೆಗರಿಯ ಮೇಲೆ ಪರರ ಕಾವ್ಯವನ್ನು ನಕಲು ಮಾಡಿದವನು ಹೆಸರು ಪಡೆದ. ಪ್ರತಿ ಬಾರಿಯೂ ಕಾವ್ಯವನ್ನು ಹೊಸದಾಗಿ ಕಟ್ಟಿಕೊಡುವ ತಂಬೂರಿಯವನು 'ಒಬ್ಬ ವಕ್ತೃ'ವಾಗಿ ಉಳಿದ. ಅಕ್ಷರ ಬಲ್ಲವರು ಮತ್ತು ಅಕ್ಷರದಿಂದ ದೂರವಿರಿಸಲ್ಪಟ್ಟವರು ಯಾರೆಂಬುದನ್ನು ನೆನೆದರೆ ಈ ವ್ಯತ್ಯಾಸದ ಜಾತಿಮೂಲ ಸ್ಪಷ್ಟವಾಗುತ್ತದೆ.

2. ಆಯಾ ಮತ್ತು ಪಂಡಿತ

ಮೇರಿ ಫ್ರಿಯರ್ ಅವರ 'ಓಲ್ಡ್ ಡೆಕ್ಕನ್ ಡೇಸ್' 1868ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಲೇಖಕಿ ಮುಂಬಯಿ ಪ್ರಾಂತದ ಗವರ್ನರ್ ಬಾರ್ಟಲ್ ಫ್ರಿಯರ್ ಅವರ ಮಗಳು. ಕತೆಗಳನ್ನು ಹೇಳಿದವಳು ಆ ಮನೆಯ ಆಯಾ, ಆನ್ನಾ ಲಿಬೆರಾಟಾ ಡಿಸೋಜಾ. ಇಂಗ್ಲಿಷಿನಲ್ಲಿ ಬಂದ ಭಾರತೀಯ ಜನಪದ ಕಥಾಸಂಕಲನಗಳಲ್ಲಿ ಇದು ತೀರ ಮೊದಲಿನವುಗಳಲ್ಲಿ ಒಂದು. ಇದರ ವೈಶಿಷ್ಟ್ಯವೆಂದರೆ ಆನ್ನಾಳ ಸ್ವಂತ ಜೀವನಕಥನವೂ ಪುಸ್ತಕದೊಳಗೆ ಒಂದು ಅಧ್ಯಾಯವಾಗಿ ಸೇರಿರುವುದು. ತನ್ನ ಅಜ್ಜನ ಮನೆತನ ಲಿಂಗಾಯತ ಮೂಲದ್ದೆಂದೂ ಅಜ್ಜ ಗೋವೆಯ ಕಡೆ ನೆಲೆಸಿ ಕ್ರೈಸ್ತನಾದನೆಂದೂ ಆಕೆ ಹೇಳುತ್ತಾಳೆ. ಕತೆಗಳು ಅಜ್ಜಿಯಿಂದ ಬಂದವು. ಗಂಡ ತೀರಿಕೊಂಡ ಬಳಿಕ ಮಕ್ಕಳನ್ನು ಸಾಕಲು ಆಕೆ ಆಯಾ ಕೆಲಸಕ್ಕೆ ಸೇರಿದವಳು. ಕತೆ ಯಾವ ಬಾಯಿಂದ ಬಂದಿತು, ಆ ಬಾಯಿ ಯಾವ ಬದುಕನ್ನು ಉಂಡಿತ್ತು ಎಂಬ ಮಾಹಿತಿಯನ್ನು ಇಪ್ಪತ್ತನೆಯ ಶತಮಾನದ ಎಷ್ಟೋ ಕನ್ನಡ ಸಂಕಲನಗಳೂ ಇಷ್ಟು ವಿವರವಾಗಿ ಕೊಟ್ಟಿಲ್ಲ.

ಹಾಗೆಂದು ಈ ಪುಸ್ತಕವನ್ನು ಆದರ್ಶವೆನ್ನಲಾಗದು. ಶೀರ್ಷಿಕೆ ಪುಟ ಕತೆಗಳ ಮೂಲವನ್ನು ಮೌಖಿಕ ಪರಂಪರೆ ಎಂದು ಹೇಳಿ ಮೇರಿಯನ್ನು ಸಂಗ್ರಾಹಕಿಯನ್ನಾಗಿಸುತ್ತದೆ. ಆನ್ನಾಳ ಹೆಸರು ಅಲ್ಲಿಲ್ಲ. ಮುನ್ನುಡಿ ಮತ್ತು ಟಿಪ್ಪಣಿಗಳ ಅಧಿಕಾರ ಗವರ್ನರರದ್ದು. ಯಜಮಾನಿಯ ಔದಾರ್ಯದಿಂದ ಒಳಗೆ ಬಂದ ಆಯಾಗೆ ಪುಸ್ತಕದ ಮನೆಯಲ್ಲಿ ಒಂದು ಕೋಣೆ ದೊರೆಯಿತು. ಹೊಸ್ತಿಲ ಮೇಲೆ ಹೆಸರು ಬೀಳಲಿಲ್ಲ.

ಪಂಡಿತ ರಾಮ್ ಗರೀಬ್ ಚೌಬೆಯ ಪ್ರಸಂಗ ಇನ್ನೂ ಕಠಿಣವಾದುದು. 1890ರ ದಶಕದಲ್ಲಿ ಉತ್ತರ ಭಾರತದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಕ್ರುಕ್ ಅವರ ಜಾನಪದ ಸಂಗ್ರಹಕಾರ್ಯದಲ್ಲಿ ಚೌಬೆ ಸಹಾಯಕರಾಗಿದ್ದರು. ಅವರು ಆನ್ನಾಳಂತೆ ಕತೆ ಹೇಳಿದವರಲ್ಲ. ಹಲವು ಭಾಷೆಗಳನ್ನು ಬಲ್ಲ, ಕತೆಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದ ವಿದ್ವಾಂಸರು. ಆದರೂ ಕ್ರುಕ್ ಅವರ ಕೀರ್ತಿಯ ನೆರಳಿನಲ್ಲಿ ಅವರ ಹೆಸರು ಒಂದು ಶತಮಾನ ಮರೆಯಾಯಿತು. ಸಾಧನಾ ನೈಥಾನಿ ಅವರು ಲಂಡನ್ನಿನ ಜಾನಪದ ಸಂಸ್ಥೆಯ ದಾಖಲೆಗಳಲ್ಲಿದ್ದ ಹಸ್ತಪ್ರತಿಗಳನ್ನು ಹುಡುಕಿ ತೆಗೆದ ಮೇಲೆ 2002ರಲ್ಲಿ ಪ್ರಕಟವಾದ ಕಥಾಸಂಪುಟದ ಮೇಲೆ ಕ್ರುಕ್ ಜೊತೆಗೆ ಚೌಬೆಯ ಹೆಸರೂ ಅಚ್ಚಾಯಿತು. 2006ರಲ್ಲಿ ಅವರಿಬ್ಬರ ಸಂಬಂಧವನ್ನು ಕುರಿತ ನೈಥಾನಿಯವರ ಅಧ್ಯಯನ ಹೊರಬಂದಿತು. ಅಕ್ಷರ ಬಾರದ್ದರಿಂದಲೇ ಹೆಸರು ಬಿಟ್ಟುಹೋಯಿತೆಂಬ ಸಮಾಧಾನಕ್ಕೆ ಈ ಪ್ರಸಂಗ ಅವಕಾಶ ಕೊಡುವುದಿಲ್ಲ. ಅಕ್ಷರ ಬಲ್ಲ ಪಂಡಿತನೂ ಅಧಿಕಾರದ ಕೆಳಗಿನ ಮೆಟ್ಟಿಲಲ್ಲಿದ್ದಾಗ ಅಳಿಸಿಹೋಗುತ್ತಾನೆ. ಯೋಜನಾ ಸಹಾಯಕರಿಂದ ಧ್ವನಿಮುದ್ರಣ, ಲಿಪ್ಯಂತರ ಎಲ್ಲವನ್ನೂ ಮಾಡಿಸಿ ತಮ್ಮ ಹೆಸರಿನಲ್ಲಿ ಸಂಪುಟ ತರುವ ಇಂದಿನ ಯೋಜನಾ ನಿರ್ದೇಶಕರು ಈ ಪ್ರಸಂಗವನ್ನು ದೂರದ ಇತಿಹಾಸವೆಂದು ಭಾವಿಸುವಂತಿಲ್ಲ.

3. 'ಗರತಿ' ಮತ್ತು ಅವಳ ಹೊರಗಿನವರು

ಕನ್ನಡದಲ್ಲಿ ಸಂಗ್ರಹಕಾರ್ಯ ಬೇರೊಂದು ಬಗೆಯಲ್ಲಿ ಬೆಳೆಯಿತು. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' 1924ರಲ್ಲಿ, ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿ ಬಂದವು. ಇವರು ಸಮುದಾಯದ ಒಳಗಿನವರು. ಚಿಣ್ಣಪ್ಪನವರು ಕೊಡವರ ಬದುಕನ್ನು ಕೊಡವರಾಗಿಯೇ ದಾಖಲಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಅವರು ಹಳ್ಳಿಯ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕಾವ್ಯವೆಂದು ಕನ್ನಡದ ಮುಂದೆ ಇಟ್ಟರು. ನವೋದಯದ ಕವಿಗಳು ಆ ಹಾಡುಗಳನ್ನು ಎದೆಗೊತ್ತಿಕೊಂಡದ್ದು ಸಾಹಿತ್ಯ ಚರಿತ್ರೆಯ ಮುಖ್ಯ ಘಟನೆ.

ಆದರೆ ಆ ಸಂಕಲನದ ಹೆಸರನ್ನೇ ಇಂದು ಮತ್ತೆ ಓದಬೇಕಾಗಿದೆ. ಹಾಡಿದವರು ಹಲವರು, ಪುಸ್ತಕದ ಮೇಲೆ ಉಳಿದವಳು ಒಬ್ಬಳು 'ಗರತಿ'. ಅವಳು ಯಾವ ಊರಿನ ಯಾವ ಹೆಂಗಸೂ ಅಲ್ಲ. ತವರು, ಗಂಡ, ಕೂಸು, ಬೀಸುಕಲ್ಲುಗಳ ನಡುವೆ ನಿಂತ ಒಂದು ಆದರ್ಶ. ಈ ಆದರ್ಶ ಹಳ್ಳಿಯ ಹೆಣ್ಣಿಗೆ ಗೌರವ ತಂದಿತೆಂಬುದು ನಿಜ. ಅದೇ ಹೊತ್ತಿಗೆ ಹೆಣ್ಣುಹಾಡಿನ ಪ್ರಾತಿನಿಧಿಕ ಚಿತ್ರವೂ ಗರತಿಯದೇ ಆಗಿ, ಆ ಹೆಸರಿಗೆ ಒಗ್ಗದವರ ಹಾಡು ಬಹುಕಾಲ ಅಂಚಿನಲ್ಲಿ ಉಳಿಯಿತು. ಎಲ್ಲಮ್ಮನ ಹೆಸರಿನಲ್ಲಿ ಚೌಡಿಕೆ ಹಿಡಿದ ಜೋಗತಿ, ಊರೂರು ತಿರುಗಿ ಕತೆ ಹೇಳುವ ಅಲೆಮಾರಿ ಹೆಂಗಸು ಇವರು ಗರತಿಯ ವ್ಯಾಖ್ಯೆಯ ಹೊರಗಿನವರು.

ಮುಂದಿನ ದಶಕಗಳಲ್ಲಿ ಈ ಚಿತ್ರ ಬದಲಾಯಿತು. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಅವರು 'ಸಾವಿರದ ಸಿರಿಬೆಳಗು' ಎಂಬ ಸಂಪುಟವಾಗಿ ತಂದಾಗ 'ಹೆಂಗಸರ ಹಾಡು' ಎಂಬ ಮೊತ್ತದಿಂದ ಒಬ್ಬ ಹಾಡುಗಾರ್ತಿಯ ಮುಖ ಬೇರ್ಪಟ್ಟು ಕಾಣಿಸಿತು. 2014ರಲ್ಲಿ ತೀರಿಕೊಂಡ ದರೋಜಿಯ ಈರಮ್ಮ ಬುಡ್ಗಜಂಗಮ ಸಮುದಾಯದ ಬುರ್ರಕತೆಯ ಮಹಾ ಕಲಾವಿದೆಯಾಗಿ ನಾಡಿಗೆ ಪರಿಚಿತರಾದರು. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರ 'ನಡುವೆ ಸುಳಿವ ಹೆಣ್ಣು' ಕೃತಿ ಮಂಜಮ್ಮನವರ ಆತ್ಮಕಥನವೆಂದೇ ಹೊರಬಂದಿದೆ. ಬರೆಹಕ್ಕಿಳಿಸಿದ ಅರುಣ್ ಜೋಳದಕೂಡ್ಲಿಗಿ ಅವರ ಪಾತ್ರಕ್ಕೆ 'ನಿರೂಪಣೆ' ಎಂಬ ಹೆಸರಿದೆ. ಬದುಕಿದವರು ಯಾರು, ಬರೆದವರು ಯಾರು ಎಂಬುದನ್ನು ಎರಡು ಪದಗಳಲ್ಲಿ ಬೇರ್ಪಡಿಸಿ ಇಬ್ಬರಿಗೂ ಸಲ್ಲುವುದನ್ನು ಸಲ್ಲಿಸುವ ಈ ಕ್ರಮ ಜಾನಪದ ಸಂಪಾದನೆಗೂ ಮಾದರಿಯಾಗಬಲ್ಲದು.

4. ಸಿರಿ ಮತ್ತು ಮಾದೇಶ್ವರ

ಹಾಡಿದವರ ಹೆಸರು ಶೀರ್ಷಿಕೆಯನ್ನು ಪ್ರವೇಶಿಸಿದ ಎರಡು ಕೃತಿಗಳು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ತುಳುವಿನ ಸಿರಿ ಮಹಾಕಾವ್ಯ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಕೃಷಿಕ, ಸಿರಿ ಆರಾಧನೆಯ ಮುಂದಾಳು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ನಿರೂಪಿಸಿದ ಈ ಕಾವ್ಯ 15,683 ಸಾಲುಗಳದ್ದು. ಹೋಮರನ ಇಲಿಯಡ್‌ಗಿಂತ ಹತ್ತೇ ಸಾಲು ಕಡಿಮೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ, ಆನೆಲಿ ಹಾಂಕೊ ಅವರ ಸಹಯೋಗದಲ್ಲಿ ಇದನ್ನು 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಹೊರತಂದರು. 'ಗೋಪಾಲ ನಾಯ್ಕರು ಪ್ರದರ್ಶಿಸಿದಂತೆ' ಎಂಬ ಮಾತು ಆ ಸಂಪುಟಗಳ ಶೀರ್ಷಿಕೆಯ ಭಾಗವೇ ಆಗಿದೆ.

ಹೆಸರನ್ನು ಸೇರಿಸಿದ್ದು ಸೌಜನ್ಯಕ್ಕಾಗಿ ಮಾತ್ರವಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಮಹಾಕಾವ್ಯವನ್ನು ಗಾಯಕ ಬಾಯಿಪಾಠ ಮಾಡಿರುವುದಿಲ್ಲ. ಅವನ ಮನಸ್ಸಿನಲ್ಲಿ ಘಟನೆಗಳ, ಚಿತ್ರಗಳ, ಸೂತ್ರಗಳ ಒಂದು ಮಾನಸಿಕ ಪಠ್ಯವಿರುತ್ತದೆ. ಸಂದರ್ಭಕ್ಕೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ ಎಂಬ ಹಾಂಕೊ ಅವರ ಚಿಂತನೆ ಬಲಗೊಂಡದ್ದು ಗೋಪಾಲ ನಾಯ್ಕರ ನಿರೂಪಣೆಯನ್ನು ಹತ್ತಿರದಿಂದ ಗಮನಿಸಿದ್ದರಿಂದ. ಗಾಯಕನ ಹೆಸರನ್ನು ಅಳಿಸಿದ್ದರೆ ಸಿದ್ಧಾಂತದ ಆಧಾರವೇ ಕುಸಿಯುತ್ತಿತ್ತು. ಯಾರು, ಯಾವಾಗ, ಯಾವ ಸಂದರ್ಭದಲ್ಲಿ ಹಾಡಿದರೆಂದು ತಿಳಿಯದ ಪಠ್ಯ ಸಂಶೋಧನೆಯ ದೃಷ್ಟಿಯಿಂದಲೂ ದುರ್ಬಲ ಸಾಕ್ಷ್ಯ. ನ್ಯಾಯ ಮತ್ತು ಶಾಸ್ತ್ರ ಇಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತವೆ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಆ ಸಂಪುಟಗಳಲ್ಲಿ ತುಳು ಪಠ್ಯ ರೋಮನ್ ಲಿಪಿಯಲ್ಲಿದೆ. ಎದುರಿಗೆ ಇಂಗ್ಲಿಷ್ ಅನುವಾದವಿದೆ. ಜಗತ್ತಿನ ವಿದ್ವಾಂಸರಿಗೆ ಬಾಗಿಲು ತೆರೆದ ಆ ಲಿಪಿ, ತುಳುವನ್ನು ಕನ್ನಡ ಲಿಪಿಯಲ್ಲಿ ಓದಿ ಅಭ್ಯಾಸವಿರುವ ಮಾಚಾರಿನ ನೆರೆಹೊರೆಗೆ ಆ ಬಾಗಿಲನ್ನು ಅರ್ಧ ಮುಚ್ಚಿತು. ಹೆಸರು ಒಳಗೊಂಡರೂ ಓದುಗ ಸಮುದಾಯ ಹೊರಗುಳಿಯಬಹುದೆಂಬುದಕ್ಕೆ ಇದು ನಿದರ್ಶನ.

ಎರಡನೆಯದು ಮಲೆಯ ಮಾದೇಶ್ವರ ಕಾವ್ಯ. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಪಠ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದರು. 2001ರಲ್ಲಿ ಸಾಹಿತ್ಯ ಅಕಾದೆಮಿ ಪ್ರಕಟಿಸಿದ ಆ ಅನುವಾದದಲ್ಲಿ ಹಾಡಿದವರು, ಸಂಗ್ರಹಿಸಿದವರು, ಅನುವಾದಿಸಿದವರು ಎಂಬ ಮೂರು ಪಾತ್ರಗಳೂ ಬೇರೆಬೇರೆಯಾಗಿ ಗುರುತಾಗಿವೆ. ಮಾದಯ್ಯನವರ ಜೊತೆಗೆ 'ಮೇಳ'ವನ್ನೂ ನೆನೆದಿರುವುದು ಗಮನಾರ್ಹ. ಕಂಸಾಳೆಯ ಹಾಡಿಕೆ ಒಬ್ಬರ ಕೊರಳಿನಿಂದ ಆಗುವಂಥದ್ದಲ್ಲ. ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಂಡಾಗಲೇ ಮುಮ್ಮೇಳದವನಿಗೆ ಮುಂದಿನ ಸಾಲು ತೆರೆದುಕೊಳ್ಳುತ್ತದೆ.

5. ಹಾಡು ಒಬ್ಬರ ಸ್ವತ್ತೇ?

ಹೆಸರಿಸುವ ಕ್ರಮಕ್ಕೆ ಒಂದು ಗಂಭೀರ ಆಕ್ಷೇಪವಿದೆ. 'ಈ ಹಾಡು ನನ್ನದಲ್ಲ, ಹಿರಿಯರದು, ದೇವರದು' ಎಂಬ ಮಾತನ್ನು ಹಾಡುಗಾರರೇ ಹೇಳುತ್ತಾರೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರಿಗೆ ಹಾಡುವ ಅಧಿಕಾರ ಗುರುವಿನಿಂದ ದೀಕ್ಷೆ ಪಡೆಯುವುದರಿಂದ ಬರುತ್ತದೆ. ಅಲ್ಲಿ ಒಬ್ಬನನ್ನು ಕರ್ತೃವೆಂದು ಅಚ್ಚು ಮಾಡಿದರೆ ಗುರುವನ್ನು, ಒಕ್ಕಲನ್ನು, ಪಾಠಾಂತರಗಳನ್ನು ಬದಿಗೆ ಸರಿಸಿದಂತಾಗುವುದಿಲ್ಲವೆ? ಆಧುನಿಕ ಗ್ರಂಥಸ್ವಾಮ್ಯದ ವ್ಯಕ್ತಿವಾದವನ್ನು ಸಮುದಾಯದ ಮೇಲೆ ಹೇರಿದಂತಾಗುವುದಿಲ್ಲವೆ?

ಆಕ್ಷೇಪ ಸರಿಯಾದುದೇ. ಆದರೆ ಅದರಿಂದ ಹೊರಡುವ ತೀರ್ಮಾನ ಸಂಪಾದಕನ ಪರವಾಗಿ ಇರಬೇಕಾಗಿಲ್ಲ. ಹಾಡು ಸಮುದಾಯದ್ದೆಂದರೆ ಅದು ಸಂಪಾದಕನದ್ದಂತೂ ಅಲ್ಲ. ಶೀರ್ಷಿಕೆ ಪುಟದಲ್ಲಿ ಸಮುದಾಯದ, ಪರಂಪರೆಯ, ಗುರುಮನೆಯ, ಹಾಡಿದವರ ಹೆಸರುಗಳೆಲ್ಲಕ್ಕೂ ಜಾಗವಿದೆ. 'ಸೃಷ್ಟಿಸಿದವರು' ಎನ್ನಬೇಕಾಗಿಲ್ಲ, 'ಹಾಡಿದವರು' ಎಂದರೆ ಸಾಕು. ಕೆಲವರಿಗೆ ಹೆಸರು ಬೇಡವಾಗಿರಲೂಬಹುದು. ಮದುವೆಯ ಬೈಗುಳದ ಹಾಡನ್ನು, ಮೈದುಂಬುವ ಹೊತ್ತಿನ ನುಡಿಯನ್ನು ತನ್ನ ಹೆಸರಿನಲ್ಲಿ ಅಚ್ಚಾಗಿ ನೋಡಲು ಹೆಂಗಸೊಬ್ಬಳು ಒಪ್ಪದಿದ್ದರೆ ಅದನ್ನು ಗೌರವಿಸಬೇಕು. ಹೆಸರು ಬರಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವವರು ಹಾಡಿದವರಾಗಿರಬೇಕು, ಬರೆದುಕೊಂಡವರಲ್ಲ.

ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಪ್ರಸಂಗವನ್ನು ಇಲ್ಲಿ ನೆನೆಯುವುದು ಉಚಿತ. ಸಮಾನತೆಯ ಪಟ್ಟಣವೆಂದು ಹೆಸರಾದ ಕಲ್ಯಾಣಕ್ಕೆ ಮಂಟೇಸ್ವಾಮಿ ಹೊಲಸು ಮೈಯ, ಕೀಳು ವೇಷದ ಜಂಗಮನಾಗಿ ಬರುತ್ತಾನೆ. ಬಾಗಿಲಲ್ಲಿ ಅವನನ್ನು ತಡೆಯುತ್ತಾರೆ. ಒಳಗೆ ಲಕ್ಷ ಸಂಖ್ಯೆಯ ಶರಣರಿಗೆ ದಾಸೋಹ ನಡೆಯುತ್ತಿರುವಾಗ ಹೊರಗಿನವನಿಂದ ಒಳಗಿನವರ ನಿಜದ ಪರೀಕ್ಷೆಯಾಗುತ್ತದೆ. ಒಳಗೊಳ್ಳುವಿಕೆಯ ಘೋಷಣೆಗೂ ಬಾಗಿಲ ಕಾವಲಿಗೂ ಇರುವ ವಿರೋಧವನ್ನು ತಳಸಮುದಾಯಗಳ ಗಾಯಕರು ಶತಮಾನಗಳಿಂದ ಹಾಡುತ್ತ ಬಂದಿದ್ದಾರೆ. ಆ ಹಾಡನ್ನು ವಿಶ್ಲೇಷಿಸಿದ ಪ್ರಬಂಧದಲ್ಲಿ ಗಾಯಕ ಅನುಬಂಧದ ಕಲಮಿನಲ್ಲಿ ಕುಳಿತಿದ್ದರೆ ಕಾವ್ಯದ ವಿಮರ್ಶೆ ಪ್ರಬಂಧಕ್ಕೂ ಅನ್ವಯವಾಗುತ್ತದೆ.

6. ನಿಯಮಗಳ ಲೋಕ

ಇಂದಿನ ಪ್ರಕಟಣೆಯ ನಿಯಮಗಳು ಈ ಪ್ರಶ್ನೆಯನ್ನು ಎದುರಿಸಲು ಸಿದ್ಧವಾಗಿಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕತ್ವಕ್ಕೆ ನಾಲ್ಕು ಷರತ್ತುಗಳನ್ನು ವಿಧಿಸುತ್ತದೆ: ಕೆಲಸಕ್ಕೆ ಗಣನೀಯ ಕೊಡುಗೆ, ಬರವಣಿಗೆ ಅಥವಾ ಅದರ ಪರಿಷ್ಕರಣೆ, ಅಂತಿಮ ಒಪ್ಪಿಗೆ ಮತ್ತು ಹೊಣೆಗಾರಿಕೆ. ವಿಜ್ಞಾನಗಳಿಗೆ ಹೊಂದುವ ಈ ಅಳತೆಗೋಲನ್ನು ಜಾನಪದಕ್ಕೆ ಯಥಾವತ್ತಾಗಿ ತಂದರೆ ಅಕ್ಷರ ಬಾರದವರು ಎರಡನೆಯ ಷರತ್ತಿನಲ್ಲೇ ನಿಂತುಬಿಡುತ್ತಾರೆ. ಸಂಶೋಧನೆಯ ಕೊಡುಗೆಗಳನ್ನು ವಿಂಗಡಿಸುವ 'ಕ್ರೆಡಿಟ್' ಎಂಬ ಮಾದರಿಯಲ್ಲಿ 14 ಪಾತ್ರಗಳಿವೆ. ಧನಸಹಾಯ ತಂದವರಿಗೆ, ತಂತ್ರಾಂಶ ಬರೆದವರಿಗೆ ಅಲ್ಲಿ ಹೆಸರಿದೆ. ಹಾಡಿದವರಿಗೆ, ಕತೆ ಹೇಳಿದವರಿಗೆ ಇಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ವಿಶ್ವವಿದ್ಯಾಲಯಗಳಿಗಿಂತ ಮುಂದಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕುಗಳನ್ನು ಮೊದಲ ಬಾರಿಗೆ ತಂದಿತು. ಪ್ರದರ್ಶಕರ ವ್ಯಾಖ್ಯೆಯಲ್ಲಿ ನಟ, ಗಾಯಕ, ನರ್ತಕರ ಜೊತೆಗೆ ದೊಂಬರಾಟದವರೂ ಹಾವಾಡಿಗರೂ ಸೇರಿದ್ದಾರೆ. ಉಪನ್ಯಾಸ ಕೊಡುವವರೂ ಅದೇ ಸಾಲಿನಲ್ಲಿದ್ದಾರೆ. ಪ್ರದರ್ಶನದ ಪ್ರದರ್ಶಕರೆಂದು ತಮ್ಮನ್ನು ಗುರುತಿಸಬೇಕೆಂದು ಕೇಳುವ ನೈತಿಕ ಹಕ್ಕನ್ನು 2012ರ ತಿದ್ದುಪಡಿ ಸೇರಿಸಿತು. ಉಪನ್ಯಾಸಕ ಮತ್ತು ಹಾವಾಡಿಗ ಕಾನೂನಿನಲ್ಲಿ ಸರಿಸಮಾನರು. ಜಾನಪದ ವಿಭಾಗಗಳ ಧ್ವನಿಮುದ್ರಣ ಭಂಡಾರಗಳಲ್ಲಿ ಈ ಸಮಾನತೆ ಎಷ್ಟರಮಟ್ಟಿಗೆ ಪಾಲನೆಯಾಗಿದೆ ಎಂಬುದನ್ನು ಆಯಾ ಸಂಸ್ಥೆಗಳೇ ಪರಾಮರ್ಶಿಸಿಕೊಳ್ಳಬೇಕು.

ಭಾಷೆಯ ಅಸಮಾನತೆ ಇದರ ಮತ್ತೊಂದು ಮುಖ. ವಿಶ್ವವಿದ್ಯಾಲಯ ಅನುದಾನ ಆಯೋಗ 2010ರ ನಿಯಮಾವಳಿಯಿಂದ ಪ್ರಕಟಣೆಗಳನ್ನು ಅಂಕಗಳಾಗಿ ಎಣಿಸತೊಡಗಿತು. 2018ರಲ್ಲಿ ಘೋಷಿತವಾದ 'ಕೇರ್' ಪತ್ರಿಕಾಪಟ್ಟಿ 2025ರ ಫೆಬ್ರವರಿಯಲ್ಲಿ ರದ್ದಾಯಿತು. ಪತ್ರಿಕೆಗಳ ಗುಣಮಟ್ಟವನ್ನು ನಿರ್ಧರಿಸುವ ಹೊಣೆ ಈಗ ಸಂಸ್ಥೆಗಳ ಮೇಲಿದೆ. ಆದರೆ ಜಾಗತಿಕ ಉಲ್ಲೇಖ ಸೂಚಿಗಳ ಒಲವು ಪ್ರಧಾನವಾಗಿ ಇಂಗ್ಲಿಷಿನ ಕಡೆಗೇ ಇದೆ. ಜುಂಜಪ್ಪನ ಕಾವ್ಯವನ್ನು ಕುರಿತು ಕನ್ನಡದಲ್ಲಿ ಬರೆದ ಲೇಖನವನ್ನು ಅದನ್ನು ಹಾಡಿದವರ ಮೊಮ್ಮಕ್ಕಳು ಓದಿ ತಿದ್ದಬಲ್ಲರು. ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಆ ಪರೀಕ್ಷೆ ಸುಲಭವಾಗಿ ಒದಗುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಡಿ ಸುಮಾರು 6,000 ಕೋಟಿ ರೂಪಾಯಿ ವೆಚ್ಚದಲ್ಲಿ 13,000ದಷ್ಟು ಅಂತರರಾಷ್ಟ್ರೀಯ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಲಭ್ಯವಾಗಿವೆ. ಓದುವ ಅವಕಾಶ ವಿಸ್ತಾರವಾದದ್ದು ಸ್ವಾಗತಾರ್ಹ. ಬರೆಯುವ ಮತ್ತು ಮಾನ್ಯತೆ ಪಡೆಯುವ ಅವಕಾಶದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

7. ಸಮಾರೋಪ

ಹಾಡುಗಾರರನ್ನು ನಾಡು ಗೌರವಿಸಿಯೇ ಇಲ್ಲ ಎನ್ನಲಾಗದು. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಾಡು ಕಂಬನಿ ಮಿಡಿಯಿತು. ಆದರೆ ಪ್ರಶಸ್ತಿ ಕೊಡುವುದು ಬೇರೆ, ಜ್ಞಾನದ ಒಡೆತನವನ್ನು ಒಪ್ಪುವುದು ಬೇರೆ. ಶಾಲು ಹೊದಿಸಿದ ಕೈ ಉಲ್ಲೇಖಪಟ್ಟಿಯಲ್ಲಿ ಹಾಡುಗಾರ್ತಿಯ ಹೆಸರನ್ನು ಬರೆಯಲು ಹಿಂಜರಿಯುವವರೆಗೆ ಆ ಗೌರವ ಅಪೂರ್ಣ.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಹಾಡಿದವರ ಒಪ್ಪಿಗೆಯಿದ್ದಲ್ಲಿ ಅವರ ಹೆಸರು ಅನುಬಂಧದಿಂದ ಶೀರ್ಷಿಕೆ ಪುಟಕ್ಕೆ ಬರಬೇಕು. ಲಿಪ್ಯಂತರ ಮಾಡಿದವರ, ಕ್ಷೇತ್ರಸಹಾಯಕರ ಪಾತ್ರ ಸ್ಪಷ್ಟವಾಗಿ ದಾಖಲಾಗಬೇಕು. ಸಂಭಾವನೆ ಮತ್ತು ಗೌರವಧನದಲ್ಲಿ ಹಾಡಿದವರ ಪಾಲು ಬರೆಹದಲ್ಲಿ ನಿಗದಿಯಾಗಬೇಕು. ಅಚ್ಚಿಗೆ ಹೋಗುವ ಮುನ್ನ ಪಠ್ಯವನ್ನು ಹಾಡಿದವರಿಗೆ ಓದಿ ಕೇಳಿಸಬೇಕು; ಅಚ್ಚಾದ ಮೇಲೆ ಪುಸ್ತಕವೂ ಧ್ವನಿಮುದ್ರಣದ ಪ್ರತಿಯೂ ಆ ಊರಿಗೆ ಮರಳಬೇಕು. ಹಾಡುವ ಸಮುದಾಯಗಳಿಂದ ಬಂದು ಪದವಿ ಪಡೆದ ತರುಣ ಸಂಶೋಧಕರನ್ನು ಮಾಹಿತಿ ತರುವ ಕೆಲಸಕ್ಕೆ ಸೀಮಿತಗೊಳಿಸದೆ ಸಂಪಾದಕ ಮಂಡಳಿಗಳಿಗೆ, ಮೌಲ್ಯಮಾಪಕರ ಪಟ್ಟಿಗೆ ಸೇರಿಸಬೇಕು. ಅಕಾಡೆಮಿಗಳೂ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೂ ಹೊಸ ಹಣವನ್ನು ಕಾಯದೆ ಇವುಗಳಲ್ಲಿ ಹೆಚ್ಚಿನವನ್ನು ತಮ್ಮ ಮುಂದಿನ ಪ್ರಕಟಣೆಯಿಂದಲೇ ಆರಂಭಿಸಬಹುದು.

ವಕ್ತೃಗಳ ಪಟ್ಟಿಯ ವಿದ್ಯಾಭ್ಯಾಸದ ಕಲಮನ್ನೂ ತಿದ್ದಬೇಕಾಗಿದೆ. ಎಷ್ಟನೆಯ ತರಗತಿಯವರೆಗೆ ಓದಿದರೆಂದು ಕೇಳುವ ಆ ಜಾಗದಲ್ಲಿ ಯಾರಿಂದ ಕಲಿತರು, ಎಷ್ಟು ವರ್ಷ ಕಲಿತರು, ಯಾರಿಗೆ ಕಲಿಸಿದರು ಎಂದು ಕೇಳುವುದಾದರೆ 'ಇಲ್ಲ' ಎಂದು ಬರೆಯುವ ಪ್ರಸಂಗವೇ ಬರುವುದಿಲ್ಲ.